ಖಾಲಿ ಬಸ್ಸಿನ ಹಾಡು

ಹಾಲ್ಡೆನ್ ಊರಿನಲ್ಲಿ ಯಾರಿಗಾದರೂ ಅರವತ್ತು ತುಂಬಿದರೆ, ಮದುವೆ ಗೊತ್ತಾದರೆ, ಪಿತ್ತಕೋಶ ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದರೆ, ಮನೆಯವರು ಮೊದಲು ಹೋಗುತ್ತಿದ್ದದ್ದು ಚೀಸ್ ಅಂಗಡಿಗೆ. ಚೀಸಿಗಾಗಿ ಅಲ್ಲ, ಅದು ಎಲ್ಲರ ಮನೆಯಲ್ಲೂ ಇತ್ತು. ಅಂಗಡಿಯಲ್ಲಿ ಅಗಾಟೆ ನಾಟರ್ ಇದ್ದಳು, ಅವಳು ಪದ್ಯ ಕಟ್ಟುತ್ತಿದ್ದಳು.

ಅವಳು ಕಾಗದ ಮುಟ್ಟುತ್ತಿರಲಿಲ್ಲ. ಗಾಲಿಯಂಥ ದೊಡ್ಡ ಚೀಸಿನ ಗಟ್ಟಿಯನ್ನು ಎರಡು ಹಿಡಿಯ ಚಾಕುವಿನಿಂದ ಸೀಳುತ್ತಲೇ ಕೇಳುತ್ತಿದ್ದಳು: ಆಸಾಮಿಗೆ ಯಾವುದಕ್ಕೆ ಸಿಟ್ಟು ಬರುತ್ತದೆ? ಯಾವ ತಿಂಡಿ ಕಂಡರೆ ಬಿಡುವುದಿಲ್ಲ? ಯಾರೂ ಇಲ್ಲದಾಗ ಹೆಂಡತಿಯನ್ನು ಏನೆಂದು ಕರೆಯುತ್ತಾನೆ? ಉತ್ತರ ಸಿಕ್ಕಿದ ವಾರದೊಳಗೆ ಪದ್ಯ ತಯಾರು. ಕಾಸ್ಪರನ ಹೋಟೆಲಿನ ದೊಡ್ಡ ಕೋಣೆಯಲ್ಲಿ ಊಟ ಮುಗಿದು ಬಿಯರು ಬಂದ ಮೇಲೆ ಎದ್ದು ನಿಂತು, ಏಪ್ರನ್ನಿಗೆ ಕೈ ಒರೆಸಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿ ಕೂತುಬಿಡುತ್ತಿದ್ದಳು. ಜನ ಮೇಜು ಗುದ್ದಿ ನಗುತ್ತಿದ್ದರು. ಪದ್ಯದಲ್ಲಿ ಪ್ರಾಸ ಇರಬೇಕು, ಆಸಾಮಿಯ ಹೆಸರು ಇರಬೇಕು, ಕೊನೆಯ ಸಾಲಿಗೆ ಕಾಸ್ಪರನಂಥವನಿಗೂ ನಗು ಬರಬೇಕು. ಅವಳ ಕಾವ್ಯಮೀಮಾಂಸೆ ಇಷ್ಟೇ.

ಗಂಡ ಗೆಬ್‌ಹಾರ್ಟ್ ಹುಲ್ಲು ಕೊಯ್ಯುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಅವನಿಗೆ ಮಾತ್ರ ಅವಳು ಪದ್ಯ ಕಟ್ಟಲಿಲ್ಲ. ಯಾರೋ ಕೇಳಿದ್ದಕ್ಕೆ, "ಸತ್ತವರ ಬಗ್ಗೆ ಹೇಳೋಕೆ ಪಾದ್ರಿಗೆ ಸಂಬಳ ಕೊಡ್ತಾರೆ" ಎಂದಳು. ಅವನು ಬಿಟ್ಟುಹೋದ ಕಾರು ಕೊಟ್ಟಿಗೆಯಲ್ಲಿ ನಿಂತಿತ್ತು. ವಯಸ್ಸು ಐವತ್ತು ದಾಟಿದ್ದರೂ ಅವಳು ಓಡಿಸಲು ಕಲಿತಳು. ಮೊದಲ ವರ್ಷ ಒಂದು ಬೇಲಿ, ಒಂದು ಹಾಲಿನ ಕ್ಯಾನು ಮತ್ತು ಪಾದ್ರಿಯ ಸೈಕಲ್ಲು ಹೋದವು. ಆಮೇಲೆ ಏನೂ ಆಗಲಿಲ್ಲ.

ಯೋಡೊಕ್ ಫೆಟ್ಸ್ ಬಸ್ಸಿನ ಡ್ರೈವರು. ಕೆಳಗಿನ ಪೇಟೆಯಿಂದ ಹೊರಟು, ಹಾಲ್ಡೆನ್ ಹಾದು, ಮೇಲಿನ ಹುಲ್ಲುಗಾವಲಿನ ಬುಡದವರೆಗೆ ಹೋಗಿ ವಾಪಸು ಬರುವ ಹಳದಿ ಬಸ್ಸು. ಅಗಾಟೆಗಿಂತ ಎರಡು ಕ್ಲಾಸು ಮುಂದೆ ಓದಿದವನು, ಮದುವೆಯಾಗಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ಹತ್ತುವವರು ಇರಲಿ ಬಿಡಲಿ, ಪ್ರತಿ ನಿಲ್ದಾಣದಲ್ಲೂ ನಿಲ್ಲಿಸಿ ಬಾಗಿಲು ತೆರೆಯುವುದು ಅವನ ಪದ್ಧತಿ. ಹಾಗೆ ಮಾಡಬೇಕೆಂದು ನಿಯಮವೇನೂ ಇರಲಿಲ್ಲ. ಅವನಿಗೆ ಅರವತ್ತು ತುಂಬಿದಾಗ ಅಗಾಟೆ ಕಾಸ್ಪರನ ಹೋಟೆಲಿನಲ್ಲಿ ಎದ್ದು ನಿಂತು ಹೇಳಿದ್ದು ಇದು:

ಖಾಲಿ ಬಸ್ಸು ಘಟ್ಟ ಹತ್ತಿ
ಖಾಲಿ ಇಳಿದು ಬಂತು;
ಕೊನೆಯ ಕಂಬದಲ್ಲಿ ಯೋಡೊಕ್
ಹಾರ್ನು ಹೊಡೆದು ನಿಂತು,
ಯಾರೂ ಇಲ್ಲ, ಯಾರೂ ಇಲ್ಲ,
ಆದರೂ ಬಾಗಿಲು ತೆರೆದ;
ಗಾಳಿಯೊಂದು ಹತ್ತಿ ಕೂತಿತು,
ಟಿಕೆಟು ಅದಕೂ ಹರಿದ.

ಆ ದಿನ ಕಾಸ್ಪರ್ ನಕ್ಕು ನಕ್ಕು ಬಿಯರು ಮೂಗಿಗೇರಿಸಿಕೊಂಡ. ಯೋಡೊಕ್ ಕೂಡ ನಕ್ಕ. ಮುಂದಿನ ಕೆಲವು ತಿಂಗಳು ಊರಿನ ಹುಡುಗರು ಬಸ್ಸಿನ ಹಿಂದೆ ಓಡುತ್ತಾ "ಗಾಳಿಗೊಂದು ಟಿಕೆಟ್ ಕೊಡಿ" ಎಂದು ಕೂಗಿ, ಆಮೇಲೆ ಬೇಸರ ಬಂದು ಬಿಟ್ಟರು.

ಜೂನ್ ತಿಂಗಳಲ್ಲಿ ಹಸುಗಳು ಮೇಲಿನ ಹುಲ್ಲುಗಾವಲಿಗೆ ಹೋದ ಮೇಲೆ ಊರಿಗೆ ಸಂಗೀತದವರು ಬರುತ್ತಿದ್ದರು. ಕೊಟ್ಟಿಗೆ ಖಾಲಿ, ಹೋಟೆಲು ಭರ್ತಿ. ಚರ್ಚಿನ ಪಕ್ಕದ ಮರದ ಸಭಾಂಗಣದಲ್ಲಿ ಹತ್ತು ದಿನ ಕಛೇರಿ: ಒಂದು ಪಿಯಾನೊ, ನಾಲ್ಕು ತಂತಿವಾದ್ಯ, ಒಬ್ಬಿಬ್ಬರು ಗಾಯಕರು. ಮೈಕು ಇಲ್ಲ. ಕೇಳುವವರು ದೂರದೂರದ ಪಟ್ಟಣಗಳಿಂದ ಬಂದು, ಕಿಟಕಿಯಾಚೆಯ ಬೆಟ್ಟವನ್ನು ನೋಡಿ ನಿಟ್ಟುಸಿರು ಬಿಟ್ಟು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಊರಿನವರು ಅವರಿಗೆ ಹಾಸಿಗೆ ಹಾಸಿದರು, ಕಾರು ನಿಲ್ಲಿಸಲು ಹುಲ್ಲಿನ ಹೊಲ ಬಿಟ್ಟುಕೊಟ್ಟರು, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಚೀಸಿನ ಕಡುಬು ಮಾಡಿಕೊಟ್ಟರು. ಒಳಗೆ ಹೋಗಿ ಕೇಳಿದವರು ಕಡಿಮೆ. "ಅವರು ಹಾಡೋದು ನಮ್ಮ ಭಾಷೇಲೇ, ಆದರೂ ಒಂದು ಪದ ತಿಳಿಯಲ್ಲ" ಎನ್ನುತ್ತಿದ್ದ ಕಾಸ್ಪರ್. ಅವನು ಒಂದು ಸಲವೂ ಹೋಗಿರಲಿಲ್ಲ.

ಆ ವರ್ಷದ ಉತ್ಸವದ ವಿಷಯ 'ಕವಿತೆ ಮತ್ತು ಹಾಡು'. ಉತ್ಸವದ ಮುಖ್ಯಸ್ಥರಾದ ಡಾಕ್ಟರ್ ಲೋರೆಂಟ್ಸ್ ಮಾರ್ಚ್ ತಿಂಗಳಲ್ಲೇ ಚೀಸ್ ಅಂಗಡಿಗೆ ಬಂದರು. ರೋಗ ನೋಡುವ ಡಾಕ್ಟರಲ್ಲ. ಆದರೂ ಊರಿನ ಮುದುಕಿಯರು ದಾರಿಯಲ್ಲಿ ಸಿಕ್ಕರೆ ಮಂಡಿ ತೋರಿಸುತ್ತಿದ್ದರು, ಅವರು ಸೌಜನ್ಯದಿಂದ ನೋಡುತ್ತಿದ್ದರು.

"ಅಮ್ಮಾವ್ರೆ, ಈ ಸಲ ಊರಿನ ಕವಿಯೊಬ್ಬರ ಪದ್ಯಕ್ಕೆ ಹೊಸದಾಗಿ ರಾಗ ಹಾಕಿಸಬೇಕು ಅಂತಿದೀವಿ" ಎಂದರು.

"ಹಾಕಿಸಿ. ಯಾರದು?"

"ನಿಮ್ಮದು."

ಅಗಾಟೆ ಚಾಕು ಕೆಳಗಿಟ್ಟಳು. "ನನ್ನ ಹತ್ರ ಕವಿತೆ ಇಲ್ಲ ಡಾಕ್ಟ್ರೇ. ಪದ್ಯ ಇದೆ."

ವ್ಯತ್ಯಾಸವೇನೆಂದು ಡಾಕ್ಟರು ಕೇಳಲಿಲ್ಲ. ಏಪ್ರಿಲಿನಲ್ಲಿ ವಿಯೆನ್ನಾದಿಂದ ರೋಮಾನಾ ಪ್ರೊಹಾಸ್ಕಾ ಎಂಬ ಹುಡುಗಿ ಬಂದಳು. ರಾಗ ಹಾಕುವವಳು ಇವಳೇ. ಕೂದಲು ಮೋಟಾಗಿತ್ತು, ಕೋಟು ಇಬ್ಬರಿಗಾಗುವಷ್ಟಿತ್ತು. ಚೀಸ್ ಡಬ್ಬದ ಮೇಲೆ ಕೂತು, ಅಗಾಟೆ ಗಿರಾಕಿಗಳ ನಡುವೆ ಹೇಳಿದ ಪದ್ಯಗಳನ್ನೆಲ್ಲ ಕೇಳಿದಳು. ಅಗ್ನಿಶಾಮಕ ದಳದ ನಾಯಕನ ಪಿತ್ತಕೋಶದ್ದು, ಪಾದ್ರಿಯ ಸೈಕಲ್ಲಿನದು, ಕಾಸ್ಪರನ ಅತ್ತೆಯದು. ಯಾವುದಕ್ಕೂ ನಗಲಿಲ್ಲ. ಬಸ್ಸಿನ ಪದ್ಯ ಮುಗಿದಾಗ ಮಾತ್ರ, "ಇನ್ನೊಂದು ಸಲ ಹೇಳಿ" ಎಂದಳು.

"ಅದೇ ಬಸ್ಸಲ್ಲಿ ಬಂದ್ಯಾ?" ಎಂದು ಅಗಾಟೆ ಕೇಳಿದಳು.

"ಹೂಂ. ನಾನೊಬ್ಳೇ ಇದ್ದೆ."

"ನಗು ಬರ್ಲಿಲ್ವ?"

"ಇದೇ ಇರಲಿ" ಎಂದಳು ರೋಮಾನಾ. ಅಗಾಟೆ ಅವಳಿಗೆ ಹಳೆಯ ಚೀಸಿನ ಒಂದು ತುಂಡು ಕಟ್ಟಿಕೊಟ್ಟಳು. ನಗದವರಿಗೆ ಊಟ ಸರಿಯಾಗಿರುವುದಿಲ್ಲ ಎಂಬುದು ಅವಳ ಅಭಿಪ್ರಾಯ.

ಅಗಾಟೆಯ ಪದ್ಯವನ್ನು ಸಭಾಂಗಣದಲ್ಲಿ ಹಾಡುತ್ತಾರೆಂಬ ಸುದ್ದಿ ಹಬ್ಬಿತು. ಯೋಡೊಕನನ್ನು ಕಂಡವರೆಲ್ಲ, "ಏನಪ್ಪ, ಪಿಯಾನೊ ಜೊತೆ ಮರ್ಯಾದೆ ತೆಗೀತಾರಂತೆ ನಿಂದು" ಎಂದರು. ಅವನು ಮೀಸೆಯಡಿ ನಗುತ್ತಿದ್ದ. ಕಛೇರಿಯ ದಿನಕ್ಕೆಂದು ಬೂದು ಬಣ್ಣದ ಉಣ್ಣೆಯ ಕೋಟನ್ನು ಬಿಸಿಲಿಗೆ ಹಾಕಿದ್ದನ್ನು ಊರೆಲ್ಲ ನೋಡಿತು. ಆ ಕೋಟು ಅವನ ತಾಯಿಯ ಶವಸಂಸ್ಕಾರದ ನಂತರ ಹೊರಗೆ ಬಂದಿರಲಿಲ್ಲ.

ಕಛೇರಿ ಇದ್ದದ್ದು ಭಾನುವಾರ ಮಧ್ಯಾಹ್ನ. ಅಗ್ನಿಶಾಮಕ ದಳ ಸಮವಸ್ತ್ರದಲ್ಲೇ ಬಂತು. ಹೆಂಗಸರು ನೆರಿಗೆಯ ಕಪ್ಪು ನಿಲುವಂಗಿಗಳನ್ನು ಹಾಕಿಕೊಂಡು ಬಂದರು. ಕಾಸ್ಪರ್ ಹೋಟೆಲಿಗೆ ಬೀಗ ಹಾಕಿ ಬಂದ, ಹಾಗೆ ಹಿಂದೆ ಎಂದೂ ಆಗಿರಲಿಲ್ಲ. ಪಟ್ಟಣದವರು ಎಡಕ್ಕೆ, ಊರಿನವರು ಬಲಕ್ಕೆ ಕೂತರು. ಯಾರೂ ಹಾಗೆ ಕೂರಿಸಿರಲಿಲ್ಲ, ತಾನಾಗಿ ಆಯಿತು. ಹಂಚಿದ ಹಾಳೆಯಲ್ಲಿ ಸತ್ತು ಶತಮಾನಗಳಾದ ಇಬ್ಬರು ಕವಿಗಳ ನಡುವೆ ಅಗಾಟೆಯ ಹೆಸರಿತ್ತು. ಅವಳ ಹೆಸರಿನ ಮುಂದೆ ಹುಟ್ಟಿದ ಇಸವಿ ಹಾಕಿ, ಗೆರೆ ಎಳೆದು, ಮುಂದಕ್ಕೆ ಜಾಗ ಬಿಟ್ಟಿದ್ದರು.

"ನಿಂಗೂ ಜಾಗ ಇಟ್ಟಿದಾರೆ ನೋಡು" ಎಂದು ಕಾಸ್ಪರ್ ಪಿಸುಗುಟ್ಟಿದ.

"ಸುಮ್ನೆ ಕೂತ್ಕೋ" ಎಂದಳು ಅಗಾಟೆ.

ಮೊದಲ ಕವಿಯ ಹಾಡುಗಳು ಮುಗಿದವು. ಊರಿನವರು ಚರ್ಚಿನ ಪೂಜೆ ಮುಗಿಯಲು ಕಾದಂತೆ ತಾಳ್ಮೆಯಿಂದ ಕೂತಿದ್ದರು. ಆಮೇಲೆ ಗಾಯಕ, ಎತ್ತರದ ಆಸಾಮಿ, ಪಿಯಾನೊಗೆ ಕೈಯೂರಿ ನಿಂತ. ಬಲಗಡೆಯವರೆಲ್ಲ ಕುರ್ಚಿಯಲ್ಲಿ ಸರಿಯಾಗಿ ಕೂತು ನಗುವುದಕ್ಕೆ ತಯಾರಾದರು.

ಮೊದಲು ಸೆಲ್ಲೋ ಎಂಬ ದೊಡ್ಡ ಪಿಟೀಲು ಒಂದೇ ಕೆಳಸ್ವರವನ್ನು ಬಿಡದೆ ಎಳೆಯಿತು, ಏರಿನಲ್ಲಿ ದೂರದಿಂದ ಬರುವ ಎಂಜಿನ್ನಿನ ಹಾಗೆ. ಎಂಜಿನ್ನು ಎಂದು ಅಗ್ನಿಶಾಮಕ ದಳಕ್ಕೆ ಗುರುತು ಸಿಕ್ಕಿತು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಯಕ 'ಖಾಲಿ' ಎಂದ. ಅಷ್ಟೇ ಹೇಳಿ ನಿಂತ. ಪಿಟೀಲುಗಳು ಸ್ವಲ್ಪ ಹೊತ್ತು ಯೋಚಿಸಿದವು. ಅವನು ಮತ್ತೆ 'ಖಾಲಿ' ಎಂದ.

ಕಾಸ್ಪರನ ಗಂಟಲಲ್ಲಿ ಒಂದು ನಗು ಹುಟ್ಟಿತು. ಹೊರಗೆ ಬಂದಾಗ ಅದು ಕೆಮ್ಮಾಗಿತ್ತು. ಎಡಗಡೆಯಿಂದ ನಾಲ್ಕೈದು ಜನ ತಿರುಗಿ ನೋಡಿದರು.

ಹೋಟೆಲಿನಲ್ಲಿ ಒಂದು ಗುಟುಕು ಬಿಯರು ಇಳಿಯುವಷ್ಟರಲ್ಲಿ ಮುಗಿಯುತ್ತಿದ್ದ ಪದ್ಯ ಇಲ್ಲಿ ಮುಗಿಯಲೇ ಇಲ್ಲ. 'ಯಾರೂ ಇಲ್ಲ' ಎಂಬಲ್ಲಿಗೆ ಬಂದಾಗ ಗಾಯಕ ಅದನ್ನು ಬಿಟ್ಟು ಮುಂದಕ್ಕೆ ಹೋಗಲಾರದವನಂತೆ ಮತ್ತೆ ಮತ್ತೆ ಹಾಡಿದ, ಪ್ರತಿ ಸಲವೂ ಇನ್ನೊಂದು ದಿಕ್ಕಿಗೆ ನೋಡಿ ಖಚಿತ ಮಾಡಿಕೊಂಡಂತೆ. ಅಗಾಟೆ ಕೂತಲ್ಲೇ ತುಟಿ ಬಿಗಿಹಿಡಿದಳು. ಅದು ಪ್ರಾಸಕ್ಕೆ ದಾರಿ ಮಾಡಲೆಂದು ಹಾಕಿದ ಸಾಲು, ಅದಕ್ಕೆ ಇಷ್ಟು ಜಾಗ ಬೇಕಿರಲಿಲ್ಲ. 'ಗಾಳಿಯೊಂದು ಹತ್ತಿ ಕೂತಿತು' ಎನ್ನುವಾಗ ಪಿಟೀಲುಗಳು ಕಮಾನನ್ನು ತಂತಿಗೆ ಮುಟ್ಟಿಸಿಯೂ ಮುಟ್ಟಿಸದೆ ಬರೀ ಉಸಿರಿನ ಸದ್ದು ಮಾಡಿದವು. ಕೊನೆಯ ಸಾಲನ್ನು ಗಾಯಕ ಹಾಡಲಿಲ್ಲ, ಎದುರಿಗೆ ಕೂತವರಿಗೆ ಹೇಳುವಂತೆ ಮೆಲ್ಲಗೆ ಹೇಳಿದ. ಆಮೇಲೆ ಸೆಲ್ಲೋ ಒಂದೇ ಉಳಿಯಿತು. ಆಮೇಲೆ ಅದೂ ಇಲ್ಲ.

ಬಹಳ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಡಗಡೆಯ ಒಬ್ಬ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಬಲಗಡೆಯಲ್ಲಿ ಅಗ್ನಿಶಾಮಕ ದಳದ ನಾಯಕ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಆ ನಿಶ್ಶಬ್ದದಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಯೋಡೊಕ್ ಎದ್ದು, ಸಾಲಿನವರ ಮಂಡಿಗಳನ್ನು ದಾಟಿಕೊಂಡು, ಎಲ್ಲರಿಗೂ "ಕ್ಷಮಿಸಿ, ಕ್ಷಮಿಸಿ" ಎನ್ನುತ್ತಾ ಹೊರಗೆ ಹೋದ. ಅವನ ಬೆನ್ನ ಹಿಂದೆ ಚಪ್ಪಾಳೆ ಸಿಡಿಯಿತು. ಅಗಾಟೆಯನ್ನು ವೇದಿಕೆಗೆ ಕರೆದರು. ಅವಳು ಹತ್ತಿದಳು, ಏಪ್ರನ್ನು ಇಲ್ಲದಿದ್ದರಿಂದ ಸ್ಕರ್ಟಿಗೆ ಕೈ ಒರೆಸಿಕೊಂಡಳು, ಇಳಿದಳು.

ವಿರಾಮದಲ್ಲಿ ರೋಮಾನಾ ಹುಲ್ಲಿನ ಮೇಲೆ ಒಬ್ಬಳೇ ನಿಂತು ಸಿಗರೇಟು ಸೇದುತ್ತಿದ್ದಳು. ಅಗಾಟೆ ನೇರ ಅವಳ ಬಳಿ ಹೋದಳು.

"ತಪ್ಪು ಮಾಡ್ಬಿಟ್ಟೆ ಮಗಳೇ. ಅದು ನಗೋ ಪದ್ಯ."

ರೋಮಾನಾ ಸಿಗರೇಟು ಕೆಳಗಿಳಿಸಿದಳು. "ಒಂದು ಪದಾನೂ ನಾನು ಸೇರಿಸಿಲ್ಲ ಅಮ್ಮ."

"ಸೇರಿಸ್ದೆ ಅಂತ ಯಾರಂದ್ರು? ನಿಧಾನ ಮಾಡ್ದೆ."

"ನೀವು ಬೇಗಬೇಗ ಹೇಳ್ತಿದ್ರಿ" ಎಂದಳು ರೋಮಾನಾ. "ಯಾಕೆ ಅಷ್ಟು ಬೇಗ ಹೇಳ್ತಾರೆ ಅಂತ ನಂಗೆ ಅನ್ನಿಸ್ತು."

ಅಗಾಟೆ ಆ ಹುಡುಗಿಯ ಕೋಟಿನ ಗುಂಡಿಯೊಂದು ಸಡಿಲವಾಗಿರುವುದನ್ನು ಹೇಳಿ ಒಳಗೆ ಹೋದಳು.

ಮರುದಿನದಿಂದ ಯೋಡೊಕನ ಬಸ್ಸು ತುಂಬತೊಡಗಿತು.

ಉತ್ಸವಕ್ಕೆ ಬಂದವರು ಬೆಳಗಿನ ಹೊತ್ತು ಬೇರೆ ಕೆಲಸವಿಲ್ಲದವರು. ಅವರಿಗೆ ಆ ಬಸ್ಸು ನಿಜವಾಗಿ ಇದೆಯೆಂದು ಗೊತ್ತಾಯಿತು. ಕೊನೆಯ ನಿಲ್ದಾಣದವರೆಗೆ ಹೋಗಿ, ಅಲ್ಲಿ ಇಳಿಯದೆ ಕೂತು, ತೆರೆದ ಬಾಗಿಲನ್ನು ನೋಡುತ್ತಾ, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಮಾತಾಡುತ್ತಿರಲಿಲ್ಲ. ಕೆಲವರು ಇಳಿಯುವಾಗ ಯೋಡೊಕನ ಭುಜ ಮುಟ್ಟುತ್ತಿದ್ದರು. ಮೇಲಿನ ತೋಟದ ಮನೆಯ ಮುದುಕಿ ವಾರಕ್ಕೊಮ್ಮೆ ಕಾಲಿಗೆ ಮುಲಾಮು ತರಲು ಬಸ್ಸು ಹಿಡಿಯುವವಳು, ಆ ವಾರ ಪೇಟೆಯವರೆಗೂ ನಿಂತುಕೊಂಡು ಹೋಗಬೇಕಾಯಿತು.

ಯೋಡೊಕ್ ಬುಧವಾರ ಚೀಸ್ ಅಂಗಡಿಗೆ ಬಂದ. ಒಳಗೆ ಪಟ್ಟಣದ ಐದಾರು ಜನ ಸಾಲಿನಲ್ಲಿ ನಿಂತಿದ್ದರು. ಅವನನ್ನು ಕಂಡು ಸಾಲು ತಾನಾಗಿ ಇಬ್ಭಾಗವಾಯಿತು. ಯಾರೋ "ಇವರೇ" ಎಂದು ಪಿಸುಗುಟ್ಟಿದರು.

"ಅರ್ಧ ಕಿಲೋ. ಹಳೇದು" ಎಂದ ಯೋಡೊಕ್.

ಅಗಾಟೆ ಸೀಳಿ, ತೂಗಿ, ಕಟ್ಟಿಕೊಟ್ಟಳು. ಅವನು ಪೊಟ್ಟಣ ತೆಗೆದುಕೊಂಡ, ಹೋಗಲಿಲ್ಲ.

"ಇವತ್ತು ಒಬ್ಬಾಕೆ ನನ್ನ ಕೈ ಹಿಡ್ಕೊಂಡ್ಲು" ಎಂದ. "ಗೇರ್ ಹಾಕ್ತಿದ್ದ ಕೈ."

"ಪಾಪ, ಒಳ್ಳೇ ಮನಸ್ಸಿಂದ ಹಿಡ್ಕೊಂಡಿರ್ತಾಳೆ."

"ತಿರುವಿನಲ್ಲಿ ಹಿಡ್ಕೊಂಡ್ಲು, ಮಾರಾಯ್ತಿ!"

"ನಾನೇನ್ ಮಾಡ್ಲಿ ಯೋಡೊಕ್? ರಾಗ ಹಾಕ್ದೋಳು ನಾನಾ?"

"ಪದ್ಯ ಯಾರ್ದು?"

"ನೀನೇ ನಕ್ಕಿದ್ದೆಯಲ್ಲ ಆವತ್ತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ."

ಯೋಡೊಕ್ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಊರಿಗೆ ಊರೇ ನಗ್ತಿರೋವಾಗ ಅರವತ್ತಾಗಿರೋನು ಇನ್ನೇನ್ ಮಾಡ್ತಾನೆ?" ಎಂದ. ಬಾಗಿಲವರೆಗೆ ಹೋಗಿ ತಿರುಗಿದ. "ಬಸ್ಸು ಖಾಲಿ ಅಂತ ಹಾಡು ಕಟ್ಟೋಕೆ ಬಂತು ನಿಂಗೆ. ಪ್ರತಿ ಸೋಮವಾರ ಹತ್ತೋಳು. ಗೆಬ್‌ಹಾರ್ಟನ ಕಾರು ಸಿಕ್ಕಿದ್ದೇ ತಡ, ಒಂದಿನ ಹತ್ತಲಿಲ್ಲ. ಕಾರು ತಗೋ, ಬೇಡ ಅಂದೋರ್ಯಾರು. ಹೇಳಿ ಹೋಗ್ಬಹುದಿತ್ತು."

ಬಾಗಿಲಿನ ಗಂಟೆ ಟಿಣ್ ಎಂದಿತು. ಸಾಲಿನಲ್ಲಿದ್ದವರು ಉಸಿರು ಹಿಡಿದು ನಿಂತಿದ್ದರು. ಒಬ್ಬ ಹೆಂಗಸಿನ ಕಣ್ಣು ಆಗಲೇ ತುಂಬಿತ್ತು.

"ಮುಂದಿನವರು" ಎಂದಳು ಅಗಾಟೆ.

ಸಂಜೆ ಅಂಗಡಿ ಮುಚ್ಚಿ ಚಾಕುಗಳನ್ನು ತೊಳೆಯುವಾಗ ಅವಳು ಆ ಪದ್ಯವನ್ನು ಒಮ್ಮೆ ಮೊದಲಿನಂತೆ ಹೇಳಿ ನೋಡಿದಳು. 'ಯಾರೂ ಇಲ್ಲ'ದ ಹತ್ತಿರ ಬಾಯಿ ತಾನಾಗಿ ನಿಧಾನವಾಯಿತು. ಇನ್ನೊಮ್ಮೆ, ಇನ್ನಷ್ಟು ಬೇಗಬೇಗ ಹೇಳಿದಳು. ಅಲ್ಲಿಯೇ ಮತ್ತೆ ಸಿಕ್ಕಿಕೊಂಡಿತು. ಸೋಮವಾರಗಳಂದು ಬಸ್ಸಿನಲ್ಲಿ ತಾನು ಕೂರುತ್ತಿದ್ದದ್ದು ಡ್ರೈವರನ ಹಿಂದಿನ ಸೀಟಿನಲ್ಲಿ, ಪೇಟೆ ಬರುವವರೆಗೂ ಇಬ್ಬರೂ ಊರಿನವರ ಮೇಲೆ ಚಾಡಿ ಹೇಳುತ್ತಿದ್ದದ್ದು, ತನ್ನ ಪದ್ಯಗಳಿಗೆ ಬೇಕಾದ ಅರ್ಧ ಸರಕು ಅಲ್ಲೇ ಸಿಗುತ್ತಿದ್ದದ್ದು, ಇದೆಲ್ಲ ಅವಳಿಗೆ ನೆನಪಾಯಿತು. ಕಾರು ಬಂದ ಮೇಲೆ ಹೋಗಿ ಹೇಳಬೇಕೆಂದು ಹೊಳೆದೇ ಇರಲಿಲ್ಲ. ಬಸ್ಸಿಗೆ ಯಾರಾದರೂ ಹೇಳಿ ಹೋಗುತ್ತಾರೆಯೇ? ಅವಳು ಚಾಕುವಿನ ಅಲಗನ್ನು ಆಗಲೇ ಒರೆಸಿದ್ದಳು, ಇನ್ನೊಮ್ಮೆ ಒರೆಸಿದಳು.

ಉತ್ಸವ ಮುಗಿದು ಪಟ್ಟಣದವರು ಹೋದರು. ಅವರು ಹೋದ ಮೇಲೂ ಅಗಾಟೆಗೆ ಒಂದು ತೊಂದರೆ ಉಳಿಯಿತು. ಊರಿನವರು ಅವಳ ಹಳೆಯ ಪದ್ಯಗಳನ್ನೆಲ್ಲ ಅನುಮಾನದಿಂದ ನೋಡತೊಡಗಿದರು. ಅಗ್ನಿಶಾಮಕ ದಳದ ನಾಯಕ ಒಂದು ದಿನ ಅಂಗಡಿ ಖಾಲಿಯಾಗುವವರೆಗೆ ಹೊರಗೆ ಕಾದು ಒಳಗೆ ಬಂದ.

"ಅಗಾಟೆ, ನನ್ನ ಪಿತ್ತಕೋಶದ ಪದ್ಯ... ಅದರಲ್ಲಿ ಬೇರೇನಾದ್ರೂ ಇತ್ತಾ?"

"ಪಿತ್ತಕೋಶ ಇತ್ತು."

"ಅಷ್ಟೇನಾ?"

"ಅಷ್ಟೇ ಕಣಯ್ಯ."

ಅವನಿಗೆ ಸಮಾಧಾನವಾಗಲಿಲ್ಲ. ಆಗಸ್ಟಿನಲ್ಲಿ ಕಾಸ್ಪರನ ಮಗಳ ಮದುವೆಯಾಯಿತು. ಅಗಾಟೆ ಎದ್ದು ನಿಂತು, ಮದುಮಗನ ಗೊರಕೆಯ ಮೇಲೆ ಎಂಟು ಸಾಲು ಹೇಳಿದಳು. ಒಳ್ಳೆಯ ಸಾಲುಗಳೇ. ಜನ ತಲೆ ತಗ್ಗಿಸಿ ಕೇಳಿದರು. ಮದುಮಗಳ ಅಜ್ಜಿ ಕರವಸ್ತ್ರ ತೆಗೆದಳು. ಮುಗಿದ ಮೇಲೆ ಕಾಸ್ಪರ್ ಅವಳ ಕೈ ಹಿಡಿದು, "ತುಂಬ ಆಳವಾಗಿತ್ತು" ಎಂದ. ಅಗಾಟೆ ಅವನಿಗೆ ಮನೆಗೆ ಹೋಗಿ ಮಲಗಲು ಹೇಳಿದಳು.

ಸೆಪ್ಟೆಂಬರಿನ ಮೊದಲ ಸೋಮವಾರ, ಹಸುಗಳು ಕೊರಳ ಗಂಟೆ ಬಾರಿಸಿಕೊಂಡು ಮೇಲಿನಿಂದ ಇಳಿಯುವ ವಾರ, ಅಗಾಟೆ ಚರ್ಚಿನ ಮುಂದಿನ ನಿಲ್ದಾಣದಲ್ಲಿ ನಿಂತಿದ್ದಳು. ಬಸ್ಸು ಬಂತು. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ.

"ಕಾರು ಕೆಟ್ಟಿದ್ಯಾ?" ಎಂದ ಯೋಡೊಕ್.

"ಇಲ್ಲ. ಹಲ್ಲಿನ ಡಾಕ್ಟ್ರ ಹತ್ರ ಹೋಗ್ಬೇಕು. ಪೇಟೇಲಿ ನಿಲ್ಸೋಕೆ ಜಾಗ ಸಿಗಲ್ಲ."

ಅವಳು ಹೋಗಿ ನಡುವಿನ ಸೀಟಿನಲ್ಲಿ ಕೂತಳು. ಬಸ್ಸು ಎರಡು ತಿರುವು ಇಳಿಯಿತು.

"ಅಷ್ಟು ದೂರ ಕೂತ್ರೆ ನಾನು ಕಿರಿಚ್ಬೇಕಾಗತ್ತೆ" ಎಂದ ಅವನು, ಕನ್ನಡಿ ನೋಡದೆ.

ಅವಳು ಎದ್ದು ಅವನ ಹಿಂದಿನ ಸೀಟಿಗೆ ಬಂದಳು. ಕೆಳಗೆ ಹೊಳೆಯ ಸೇತುವೆಯ ಮೇಲೆ ಹಸುಗಳ ಹಿಂಡು ಅಡ್ಡ ಬಂದು ಬಸ್ಸು ನಿಂತಿತು. ಮುಂದಿನ ಹಸುವಿನ ಕೊಂಬಿಗೆ ಹೂವಿನ ಕಿರೀಟ ಕಟ್ಟಿದ್ದರು, ಅದು ಒಂದು ಕಣ್ಣಿನ ಮೇಲೆ ಜಾರಿತ್ತು.

"ಆವತ್ತು ಹಾಡು ಮುಗಿದ ಕೂಡ್ಲೇ ಎದ್ದು ಹೋದೆಯಲ್ಲ" ಎಂದಳು ಅಗಾಟೆ.

"ಬಸ್ಸಿನ ಟೈಮಾಗಿತ್ತು."

"ಭಾನುವಾರ ಮಧ್ಯಾಹ್ನ ಯಾವ ಬಸ್ಸಪ್ಪ?"

ಯೋಡೊಕ್ ಹಸುಗಳಿಗೆ ಒಮ್ಮೆ ಹಾರ್ನು ಹೊಡೆದ. "ಯಾವುದೂ ಇಲ್ಲ" ಎಂದ.

"ಹೇಳದೆ ಬಿಟ್ಟದ್ದು ತಪ್ಪಾಯ್ತು" ಎಂದಳು ಅಗಾಟೆ. "ಬಸ್ಸನ್ನ."

"ಹೂಂ."

"ಪದ್ಯ ತಪ್ಪಾಗಿಲ್ಲ. ಪದ್ಯ ಚೆನ್ನಾಗೇ ಇದೆ."

"ಹಾಡು ಚೆನ್ನಾಗಿತ್ತು" ಎಂದ ಯೋಡೊಕ್. "ಎಂಜಿನ್ ಸದ್ದು ಸರಿಯಾಗಿ ಹಿಡಿದಿದ್ಲು ಆ ಹುಡುಗಿ. ಎರಡನೇ ಗೇರು." ಹಸುಗಳು ಮುಗಿದವು. ಅವನು ಬಸ್ಸನ್ನು ಎರಡನೇ ಗೇರಿಗೆ ಹಾಕಿದ. "ಕಾಸ್ಪರನ ಅಳಿಯ ಗೊರಕೆ ಹೊಡೀತಾನೆ ಅಂತ ನಿಂಗೆ ಯಾರು ಹೇಳಿದ್ದು?"

"ಅವನ ಅಮ್ಮ."

"ಗೊರಕೆ ಬಿಡು. ಅವನು ನಿದ್ದೇಲಿ ನಡೀತಾನೆ. ಗೊತ್ತಿಲ್ವ ನಿಂಗೆ?"

ಅಗಾಟೆ ಮುಂದಕ್ಕೆ ಬಾಗಿದಳು. "ಎಲ್ಲಿಗೆ?"

ಪೇಟೆ ಬರುವವರೆಗೂ ಅವನು ಹೇಳಿದ. ಅವಳು ಇಳಿಯುವಾಗ ಮುಖದ ಗೆರೆ ಅಲುಗಿರಲಿಲ್ಲ, ಆದರೆ ಕಣ್ಣಲ್ಲಿ ನೀರಿತ್ತು, ನಗು ತಡೆದುಕೊಂಡದ್ದಕ್ಕೆ.

ಅವಳ ಹಲ್ಲಿಗೆ ನಿಜವಾಗಿ ತೊಂದರೆ ಇತ್ತು. ಅದು ಅಕ್ಟೋಬರಿನ ಹೊತ್ತಿಗೆ ಸರಿಹೋಯಿತು. ಹಿಮ ಬಿದ್ದ ಮೇಲೂ ಅವಳು ಸೋಮವಾರ ಸೋಮವಾರ ನಿಲ್ದಾಣದಲ್ಲಿ ನಿಂತಿರುವುದನ್ನು ಊರು ನೋಡಿತು. ಕಾರಿನ ಮೇಲೆ ಕೋಳಿಗಳು ಮಲಗತೊಡಗಿದವು. ಕ್ರಿಸ್ಮಸಿಗೆ ಮುಂಚೆ ಒಂದು ಮಧ್ಯಾಹ್ನ ಕಾಸ್ಪರ್ ಅಂಗಡಿಗೆ ಬಂದು, ಚೀಸು ಆರಿಸುವವನಂತೆ ನಟಿಸಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ:

"ಅಲ್ಲ ಮಾರಾಯ್ತಿ, ನಿಂಗೆ ಒಟ್ಟು ಎಷ್ಟು ಹಲ್ಲಿದೆ?"

"ಇನ್ನೂ ಎಣಿಸ್ತಿದಾರೆ" ಎಂದಳು ಅಗಾಟೆ. "ನಿನಗೆಷ್ಟು ಕಟ್ಲಿ?"